ಎಣಿಕೆ ಸಿಸ್ಟರ್ ಮತ್ತು ಅಣ್ಣನ ಬಲಗಡೆಯ ಹೃದಯ

ಎತ್ತರ ಐದು ಅಡಿಗೆ ಒಂದು ಬೆರಳು ಕಡಿಮೆ. ದಪ್ಪ ತಳದ ಪಾತ್ರೆಯ ಹಾಗೆ, ಇಟ್ಟ ಕಡೆ ಅಲುಗದೆ ನಿಲ್ಲುವ ಮೈಕಟ್ಟು. ಚಪ್ಪಲಿ ಹಳೆಯದು, ಸವೆತ ಮಾತ್ರ ಎರಡರಲ್ಲೂ ಸಮ. ಅಂದರೆ ದಿನವಿಡೀ ನಿಂತು ದುಡಿಯುವವರು. ಉಗುರು ಬುಡಕ್ಕೆ ಕತ್ತರಿಸಿದೆ. ಕೈಚೀಲದ ಜಿಪ್ಪು ಕೊನೆಯವರೆಗೂ ಎಳೆದಿದೆ. ಚೌಕಾಸಿ ಮಾಡುವುದಿಲ್ಲ, ಆದರೆ ಅರ್ಧ ಗಂಟೆ ಪ್ರಾಣ ತಿನ್ನುತ್ತಾರೆ. ಒಟ್ಟಿನಲ್ಲಿ, ಮರ್ಯಾದೆಯಿಂದ ಬೇಗ ಸಾಗಹಾಕಬೇಕಾದ ಗಿರಾಕಿ.

ಸಿಸ್ಟರ್ ಮೊದಲ ಸಲ ನಮ್ಮ ಪಾತ್ರೆ ಅಂಗಡಿಗೆ ಬಂದಾಗ ನಾನು ಹಾಕಿದ ತೂಕ ಇದು. ಬಾಗಿಲು ದಾಟಿ ಮೂರು ಹೆಜ್ಜೆ ಇಡುವುದರೊಳಗೆ ಗಿರಾಕಿ ಎಂಥವರೆಂದು ತಿಳಿಯುತ್ತದೆ ಎಂಬ ಜಂಬ ನನಗೆ ಮೂವತ್ತು ವರ್ಷದಿಂದ ಇದೆ. ಇವರ ವಿಷಯದಲ್ಲಿ ಚಪ್ಪಲಿ, ಉಗುರು, ಜಿಪ್ಪು ಇಷ್ಟರ ಮಟ್ಟಿಗೆ ನನ್ನ ಅಂದಾಜು ಸರಿಯಾಗಿತ್ತು.

ಅವತ್ತು ಅವರು ಕೊಂಡದ್ದು ಒಂದು ಡಜನ್ ಚಮಚ. ನಾನು ಎಣಿಸಿ ಕೊಟ್ಟೆ. ಅವರು ಎಣಿಸಿ ತೆಗೆದುಕೊಂಡರು. ಕಾಗದ ಸುತ್ತುವ ಮುಂಚೆ ಇನ್ನೊಂದು ಸಲ, ಸುತ್ತಿದ ಮೇಲೆ ಕಾಗದದ ಮೇಲಿಂದಲೇ ಬೆರಳಾಡಿಸಿ ಮತ್ತೊಂದು ಸಲ ಎಣಿಸಿದರು. "ನಾವೇನು ಕದ್ದು ಇಟ್ಕೊಳ್ತೀವಾ ಅಮ್ಮಾ?" ಎಂದು ಕೇಳಿದೆ. "ನಿಮಗೋಸ್ಕರ ಅಲ್ಲ, ನನ್ನ ಅಭ್ಯಾಸಕ್ಕೋಸ್ಕರ" ಎಂದರು. ಅವರು ಹೋದ ಮೇಲೆ ಅಣ್ಣ, "ಅವರು ದೊಡ್ಡಾಸ್ಪತ್ರೆ ಆಪರೇಷನ್ ಥಿಯೇಟರಿನ ಸಿಸ್ಟರ್. ಅಲ್ಲಿ ಅವರನ್ನ ಎಣಿಕೆ ಸಿಸ್ಟರ್ ಅಂತಾರೆ" ಎಂದ. ಅಣ್ಣನಿಗೆ ಊರಿನ ಎಲ್ಲರ ಹೆಸರಿಗಿಂತ ಅಡ್ಡಹೆಸರೇ ಚೆನ್ನಾಗಿ ಗೊತ್ತಿರುತ್ತಿತ್ತು.

ಆ ಅಡ್ಡಹೆಸರು ಬಂದ ಕತೆಯನ್ನು ನಾನು ಅವರ ಗಂಡನಿಂದ ಕೇಳಿದೆ. ಕೆಲಸಕ್ಕೆ ಸೇರಿದ ಎರಡನೇ ವರ್ಷ ಒಂದು ಹೊಟ್ಟೆಯ ಆಪರೇಷನ್ ಮುಗಿಯುವ ಹೊತ್ತಿಗೆ ರಕ್ತ ಒರೆಸುವ ಬಟ್ಟೆತುಂಡುಗಳಲ್ಲಿ ಒಂದು ಕಡಿಮೆ ಬಂತಂತೆ. ಹಿರಿಯ ಡಾಕ್ಟರು ನಿನ್ನ ಲೆಕ್ಕವೇ ತಪ್ಪು, ಸೂಜಿ ಕೊಡು, ಹೊಲಿದು ಮುಗಿಸೋಣ ಎಂದರಂತೆ. ಇವರು ಸೂಜಿ ಕೊಡಲಿಲ್ಲ. ಬೈದರು, ಕೊಡಲಿಲ್ಲ. ಕೆಲಸದಿಂದ ತೆಗೆಸುತ್ತೇನೆ ಎಂದರು, ಕೊಡಲಿಲ್ಲ. ಕೊನೆಗೆ ಆ ತುಂಡು ಸಿಕ್ಕಿದ್ದು ಅದೇ ಡಾಕ್ಟರ ಚಪ್ಪಲಿಯ ಅಡಿಯಲ್ಲಿ. ಇವರ ಕೆಲಸ ಹೋಗಲಿಲ್ಲ, ಹೆಸರು ಬಂತು.

ಗಂಡ ಬಸ್ ಕಂಡಕ್ಟರ್. ಅವರೂ ದಿನವಿಡೀ ತಲೆ ಎಣಿಸುವವರೇ. ಒಬ್ಬಳೇ ಮಗಳು ಕಾಲೇಜಿನಲ್ಲಿ ಚಿತ್ರ ಬರೆಯುವುದನ್ನು ಕಲಿಯುತ್ತಿದ್ದಳು. "ಮನೇಲಿ ಒಬ್ಬರಾದ್ರೂ ಎಣಿಸದೇ ಇರೋರು ಬೇಕಲ್ಲ" ಎಂದು ಕಂಡಕ್ಟರ್ ಹೇಳುತ್ತಿದ್ದರು.

ಹೀಗೆ ವರ್ಷಕ್ಕೆ ನಾಲ್ಕೈದು ಸಲ ಬಂದು, ಪಾತ್ರೆಯ ಅಡಿ ಬಡಿದು, ಮುಚ್ಚಳ ತಿರುಗಿಸಿ, ಹಿಡಿಯ ಮೊಳೆ ಅಲುಗಾಡಿಸಿ, ಎರಡಕ್ಕೆ ಒಂದನ್ನು ವಾಪಸು ತರುವ ಗಿರಾಕಿಯಾಗಿ ಅವರು ಹದಿನಾಲ್ಕು ವರ್ಷ ಉಳಿದರು. ಬರುವುದು ಕಂಡರೆ ನಾನು ಒಳಗೆ ಹೋಗುತ್ತಿದ್ದೆ. ಅಣ್ಣ ಕೂತು ಮಾತಾಡಿಸುತ್ತಿದ್ದ. ಹಾಗೆ ಒಳಗೆ ಹೋಗದೆ ಸಿಕ್ಕಿಬಿದ್ದ ಒಂದು ದಿನದಿಂದ ಈ ಕತೆ ಶುರು.

ಅಣ್ಣನಿಗೆ ಆಗ ಅರವತ್ತೊಂದು. ಹನ್ನೊಂದು ದಿನದಿಂದ ಎದೆಯ ಬಲಗಡೆ ಹಿಡಿದಂತಾಗಿ, ನೋವು ಬಲಗೈಗೆ ಇಳಿಯುತ್ತಿತ್ತು. ಮೆಟ್ಟಿಲು ಹತ್ತಿದರೆ ಜಾಸ್ತಿ, ಕೂತರೆ ಕಡಿಮೆ. ಹೃದಯ ಎಡಗಡೆ ಇರುತ್ತದೆ ಎನ್ನುವಷ್ಟು ವೈದ್ಯ ನನಗೂ ಗೊತ್ತು. ಆದ್ದರಿಂದ ಗ್ಯಾಸು ಎಂದು ನಾನೇ ತೀರ್ಮಾನ ಮಾಡಿ ಸೋಡಾ ಕುಡಿಸಿದೆ. ಕಡಿಮೆಯಾಗದಿದ್ದಾಗ ಬೀದಿ ಕೊನೆಯ ಕ್ಲಿನಿಕ್ಕಿಗೆ ಕಳಿಸಿ ಇಸಿಜಿ ತೆಗೆಸಿದೆ. ಅಲ್ಲಿಯ ಡಾಕ್ಟರೂ ಚೀಟಿ ನೋಡಿ ಹೃದಯ ಚೆನ್ನಾಗಿದೆ, ಗ್ಯಾಸೇ ಎಂದರು. ನನ್ನ ಮುಖ ನೀವು ನೋಡಬೇಕಿತ್ತು.

ಸಿಸ್ಟರ್ ಅವತ್ತು ಒಂದು ಮುಚ್ಚಳ ಬದಲಿಸಲು ಬಂದಿದ್ದರು. ಅಣ್ಣ ಏಣಿ ಹತ್ತಿ ಮೇಲಿನ ಸಾಲಿನಿಂದ ಮುಚ್ಚಳ ತೆಗೆದುಕೊಟ್ಟು, ಇಳಿದು, ಬಲ ಭುಜ ಒತ್ತಿಕೊಂಡು ಸ್ಟೂಲಿನ ಮೇಲೆ ಕುಕ್ಕರಿಸಿದ. ಹಣೆಯಲ್ಲಿ ಬೆವರು. ಸಿಸ್ಟರ್ ಮುಚ್ಚಳ ಕೆಳಗಿಟ್ಟರು. ಅದನ್ನು ತಿರುಗಿಸಿ ನೋಡದೆ ಇಟ್ಟದ್ದು ಅದೇ ಮೊದಲು.

ಏನೂ ಇಲ್ಲ, ಗ್ಯಾಸು, ಇಸಿಜಿ ಕೂಡ ಆಗಿದೆ ಎಂದು ನಾನು ಹೇಳಿದೆ. ಅಣ್ಣನೂ ಕ್ಲಿನಿಕ್ಕಿನವನನ್ನು ಹೊಗಳಿದ: "ಪಾಪ, ಇಸಿಜಿ ತೆಗೆಯೋನು ತುಂಬಾ ಹುಷಾರು. ಮೊದಲನೇ ಸಲ ಗೆರೆ ತಲೆಕೆಳಗಾಗಿ ಬಂತಂತೆ. ಎರಡು ಕೈಯಿನ ತಂತಿ ಅದಲುಬದಲಾಗಿರಬೇಕು ಅಂತ ಅವನೇ ತಿರುಗಿಸಿ ಹಾಕಿ, ಇನ್ನೊಂದ್ಸಲ ತೆಗೆದ. ಆಮೇಲೆ ನೆಟ್ಟಗೆ ಬಂತು."

ಸಿಸ್ಟರ್ ಚೀಟಿ ತರಿಸಿಕೊಂಡು ನೋಡಿದರು. ಆಮೇಲೆ, "ಯಜಮಾನ್ರೇ, ಅಂಗಿಯ ಮೇಲಿನ ಎರಡು ಗುಂಡಿ ಬಿಚ್ಚಿ" ಎಂದರು. ಅಂಗಡಿಯಲ್ಲಿ ಇನ್ನೂ ಇಬ್ಬರು ಗಿರಾಕಿಗಳಿದ್ದರು. ಅಣ್ಣ ನನ್ನ ಮುಖ ನೋಡಿದ. ಸಿಸ್ಟರ್ ಕಾಯುತ್ತಾ ನಿಂತದ್ದು ನೋಡಿದರೆ ಆ ಹಿರಿಯ ಡಾಕ್ಟರ ಮುಂದೆಯೂ ಹೀಗೇ ನಿಂತಿರಬೇಕು ಅನ್ನಿಸಿತು. ಅಣ್ಣ ಗುಂಡಿ ಬಿಚ್ಚಿದ. ಅವರು ಎಡಗಡೆ ಅಂಗೈ ಇಟ್ಟರು, ಸರಿಸಿದರು, ಮತ್ತೆ ಇಟ್ಟರು. ಆಮೇಲೆ ಬಲಗಡೆ ಇಟ್ಟು ಕೈ ತೆಗೆಯಲೇ ಇಲ್ಲ.

"ಅವನು ತಂತಿ ಸರಿಯಾಗೇ ಹಾಕಿದ್ದ. ತಿರುಗಿರೋದು ನಿಮ್ಮ ಹೃದಯ" ಎಂದರು. "ಈಗಲೇ ನನ್ನ ಜೊತೆ ಆಸ್ಪತ್ರೆಗೆ ಬರ್ತೀರಿ. ನಡ್ಕೊಂಡಲ್ಲ, ಗಾಡೀಲಿ."

ಆಸ್ಪತ್ರೆಯಲ್ಲಿ ತಂತಿಗಳನ್ನು ಬಲಗಡೆಗೆ ಹಾಕಿ ತೆಗೆದಾಗ ಗೆರೆ ತನ್ನ ನಿಜವನ್ನು ಹೇಳಿತು. ಸ್ಕ್ಯಾನ್ ಮಾಡುವವರು ಪಕ್ಕದ ಕೋಣೆಯವರನ್ನೂ ಕರೆದು ತೋರಿಸಿದರು. ಹೃದಯ ಮಾತ್ರವಲ್ಲ, ಎಲ್ಲವೂ ಅದಲುಬದಲು: ಬಲಕ್ಕಿರಬೇಕಾದ ಪಿತ್ತಕೋಶ ಎಡಕ್ಕೆ, ಎಡಕ್ಕಿರಬೇಕಾದ ಜಠರ ಬಲಕ್ಕೆ, ಕನ್ನಡಿಯಲ್ಲಿ ಕಂಡ ಮನುಷ್ಯನ ಹಾಗೆ. ಇದು ಕಾಯಿಲೆಯಲ್ಲ, ಸಾವಿರಾರು ಜನರಲ್ಲಿ ಒಬ್ಬರು ಹೀಗೆ ಹುಟ್ಟುತ್ತಾರೆ, ಹೀಗೇ ಬದುಕುತ್ತಾರೆ ಎಂದು ದೊಡ್ಡ ಡಾಕ್ಟರು ಹೇಳಿದರು. ಅತ್ತಿಗೆ ಮಾತ್ರ, "ಇವರ ಹೃದಯ ಎಲ್ಲಿದೆ ಅಂತ ನಾನೂ ಮೂವತ್ತೈದು ವರ್ಷದಿಂದ ಹುಡುಕ್ತಾನೇ ಇದ್ದೆ" ಎಂದು ಕಣ್ಣೊರೆಸಿಕೊಂಡರು.

ಕಾಯಿಲೆ ಬೇರೆಯೇ ಇತ್ತು. ಹೃದಯಕ್ಕೆ ರಕ್ತ ಕೊಡುವ ಮೂರು ನಾಳ ಕಟ್ಟಿಕೊಂಡಿದ್ದವು. ಮುಖ್ಯವಾದದ್ದರಲ್ಲಿ ಹತ್ತರಲ್ಲಿ ಒಂದು ಪಾಲಷ್ಟೇ ದಾರಿ ಉಳಿದಿತ್ತು. ಬೈಪಾಸ್ ಮಾಡಬೇಕು, ವಾರ ಹತ್ತು ದಿನಕ್ಕಿಂತ ಕಾಯುವ ಹಾಗಿಲ್ಲ ಎಂದರು. ಆ ಡಾಕ್ಟರು ಪ್ರಾಮಾಣಿಕರು, ಅದೇ ತೊಂದರೆಯಾಯಿತು. ಇಂಥ ಆಪರೇಷನ್ ಸಾವಿರಕ್ಕೂ ಹೆಚ್ಚು ಮಾಡಿದ್ದೇನೆ, ಆದರೆ ತಿರುಗಿದ ಹೃದಯದ ಮೇಲೆ ಒಂದೂ ಮಾಡಿಲ್ಲ, ಬೇರೆಯವರು ಮಾಡಿ ಬರೆದದ್ದನ್ನು ಓದಿದ್ದೇನೆ, ಆಗುವ ಕೆಲಸ ಎಂದರು. ಅಣ್ಣ ಕೇಳಿಸಿಕೊಂಡದ್ದು "ಒಂದೂ ಮಾಡಿಲ್ಲ" ಎಂಬುದನ್ನು ಮಾತ್ರ.

"ಹೊಸ ನಮೂನೆ ಪಾತ್ರೆ ಬಂದರೆ ಮೊದಲನೇದನ್ನ ನಾವು ಮಾರಲ್ಲ, ಗೋಡೆಗೆ ತೂಗುಹಾಕ್ತೀವಿ. ನಾನು ಆ ಮೊದಲನೇ ಪಾತ್ರೆ ಆಗಲ್ಲ" ಎಂದು, ಯಾರು ಹೇಳಿದರೂ ಕೇಳದೆ, ಹೋಗುವ ಹೊಣೆ ತನ್ನದೇ ಎಂದು ಸಹಿ ಹಾಕಿ, ಮಾತ್ರೆ ತೆಗೆದುಕೊಂಡು ಮನೆಗೆ ಬಂದುಬಿಟ್ಟ. ಮಲಗಿರು ಎಂದರೆ ಅಂಗಡಿಯ ಹಿಂದಿನ ಕೋಣೆಯಲ್ಲಿ ಬೆತ್ತದ ಕುರ್ಚಿ ಹಾಕಿಸಿಕೊಂಡು ಕೂತ. ಅತ್ತಿಗೆ ಅತ್ತರು. ನಾನು ಬೈದೆ. ಪ್ರಯೋಜನವಿಲ್ಲ. ಕೋಪ ಬಂದರೆ ಎದೆ ಹಿಡಿಯುತ್ತದೆ ಎಂದು ಆಮೇಲೆ ಬೈಯುವುದನ್ನೂ ನಿಲ್ಲಿಸಿದೆ. ನಮ್ಮಿಬ್ಬರ ಇಷ್ಟು ವರ್ಷದಲ್ಲಿ ಅವನ ಜೊತೆ ಜಗಳವಾಡದ ವಾರ ಅದೊಂದೇ, ಮತ್ತು ನನಗೆ ಅಷ್ಟು ಭಯವಾದ ವಾರವೂ ಅದೊಂದೇ.

ಮೂರನೇ ದಿನ ಮಧ್ಯಾಹ್ನ ಸಿಸ್ಟರ್ ಬೆಳಗಿನ ಪಾಳಿ ಮುಗಿಸಿ ಬಂದರು. ಅಣ್ಣನನ್ನು ಒಪ್ಪಿಸಲು ಬಂದಿದ್ದಾರೆ ಎಂದುಕೊಂಡೆ. ಅವರು ಆ ವಿಷಯ ಎತ್ತಲೇ ಇಲ್ಲ. ಸಾಮಾನು ಕಟ್ಟುವ ಉದ್ದ ಮೇಜು ಸ್ವಲ್ಪ ಹೊತ್ತು ಬೇಕಾಗಿತ್ತು, ಎರಡು ಅಗಲ ತಟ್ಟೆ, ಒಂದಷ್ಟು ಚಿಮುಟ, ಇಕ್ಕಳ, ಚಮಚ, ಕತ್ತರಿ ಕೊಡುತ್ತೀರಾ ಎಂದು ಕೇಳಿದರು. ಯಾಕೆ ಎಂದೆ.

ಡಾಕ್ಟರು ಯಾವಾಗಲೂ ರೋಗಿಯ ಬಲಗಡೆ ನಿಲ್ಲುತ್ತಾರೆ, ಈ ಆಪರೇಷನ್ನಿಗೆ ಎಡಗಡೆ ನಿಲ್ಲಬೇಕು. ಅವರು ಆಚೆ ಹೋದರೆ ತಾವು ಈಚೆ ಬರಬೇಕು. ಇಪ್ಪತ್ತೆರಡು ವರ್ಷ ಒಂದೇ ಕಡೆ ನಿಂತು ಸಾಮಾನು ಕೊಟ್ಟ ಕೈ ಕಣ್ಣಿನ ಮಾತು ಕೇಳುವುದಿಲ್ಲ, ಹಳೇ ಜಾಗಕ್ಕೇ ಹೋಗುತ್ತದೆ. ಆ ಕೈಗೆ ಹೊಸ ದಾರಿ ಕಲಿಸಬೇಕು. ಥಿಯೇಟರ್ ಹಗಲಲ್ಲಿ ಖಾಲಿ ಇರುವುದಿಲ್ಲ. ಮನೆಯ ಮೇಜು ಮಗಳ ಬಣ್ಣದಿಂದ ತುಂಬಿದೆ. ಇಷ್ಟನ್ನು ಅವರು ವಿವರಿಸಿದ್ದು ನನಗೆ. ಅಣ್ಣ ಕುರ್ಚಿಯಲ್ಲಿ ಪೇಪರ್ ಹಿಡಿದುಕೊಂಡಿದ್ದ, ಪುಟ ಮಾತ್ರ ತಿರುಗಿಸುತ್ತಿರಲಿಲ್ಲ.

"ಆಪರೇಷನ್ನೇ ಇಲ್ಲವಲ್ಲ ಸಿಸ್ಟರ್" ಎಂದೆ.

"ಇಲ್ಲದೇ ಇದ್ರೆ ಬೇಡ. ಇದ್ರೆ ಆವತ್ತು ಕಲಿಯೋಕಾಗಲ್ಲ" ಎಂದರು.

ಮೇಜಿನ ಮೇಲೆ ರೋಗಿಯ ಜಾಗಕ್ಕೆ ಒಂದು ದೊಡ್ಡ ಹಂಡೆಯನ್ನು ಬೋರಲು ಹಾಕಿದರು. ತಮ್ಮ ಎತ್ತರ ಸಾಲದೆ ಥಿಯೇಟರಿನಲ್ಲಿ ಕಾಲ್ಮಣೆ ಹಾಕಿಕೊಳ್ಳುತ್ತಾರಂತೆ. ಇಲ್ಲಿ ಮರದ ಪೆಟ್ಟಿಗೆಯೊಂದನ್ನು ತಿರುವಿ ಹಾಕಿ ಹತ್ತಿ ನಿಂತರು. ಡಾಕ್ಟರ ಪಾತ್ರ ನನ್ನದು. ಹಂಡೆಯ ಎಡಗಡೆ ನಿಂತು, ಅದರ ಮೇಲಿಂದ ಕಣ್ಣು ತೆಗೆಯದೆ, ಬಲಗೈ ಚಾಚುವುದು. ಅವರು ಒಂದೊಂದರ ಹೆಸರು ಹೇಳಿ ಅದನ್ನು ನನ್ನ ಅಂಗೈಗೆ ಕೊಡುವುದು.

ಅಷ್ಟು ಹೊತ್ತಿಗೆ ಪೇಪರಿನ ಹಿಂದಿನಿಂದ ಅಣ್ಣನ ದನಿ ಬಂತು: "ನನ್ನ ಬದಲು ಹಂಡೆ ಇಟ್ಟಿದೀರಲ್ಲ, ಹೊಟ್ಟೆ ಅಳತೆ ನೋಡಿ ಆರಿಸಿದ್ರಾ?"

"ಇಲ್ಲ ಯಜಮಾನ್ರೇ, ಇದು ಹೇಳಿದ ಮಾತು ಕೇಳುತ್ತೆ" ಎಂದರು ಸಿಸ್ಟರ್.

ಮೊದಲ ದಿನ ಮೂವತ್ತೊಂದು ತಪ್ಪು. ನನಗೆ ಗೊತ್ತಾಗದಿದ್ದ ತಪ್ಪನ್ನೂ ಅವರೇ ಗಟ್ಟಿಯಾಗಿ ಹೇಳಿ ಎಣಿಸಿದರು. ಕೈ ಹಳೇ ಜಾಗಕ್ಕೆ ಅರ್ಧ ಹೋಗಿ ವಾಪಸು ಬಂದರೂ ಅದು ತಪ್ಪೇ. ಅಂಗಡಿಯಲ್ಲಿ ನಾನು ಒಬ್ಬ ಗಿರಾಕಿಗೆ ತಪ್ಪು ಮುಚ್ಚಳ ಕೊಟ್ಟರೆ ಮೊದಲು ಸುತ್ತ ನೋಡುತ್ತೇನೆ, ಯಾರಾದರೂ ಕಂಡರಾ ಅಂತ. ಇವರು ಯಾರೂ ಕಾಣದ್ದನ್ನು ಡಂಗುರ ಹೊಡೆದು ಹೇಳುತ್ತಿದ್ದರು. ಎರಡನೇ ದಿನ ಹದಿನಾಲ್ಕು. ಆ ಹೊತ್ತಿಗೆ ಅಣ್ಣ ಪೇಪರ್ ಮಡಿಸಿ ಕುರ್ಚಿಯನ್ನು ಮೇಜಿನ ಹತ್ತಿರಕ್ಕೆ ಎಳೆಸಿಕೊಂಡಿದ್ದ.

ಮೂರನೇ ದಿನ ಪೂರ್ತಿ ಒಂದು ಸುತ್ತು ಒಂದೂ ತಪ್ಪಿಲ್ಲದೆ ಮುಗಿಯಿತು. ಸಿಸ್ಟರ್ ಪೆಟ್ಟಿಗೆಯಿಂದ ಇಳಿದು ನೀರು ಕುಡಿದರು. ನಾನು ಚಪ್ಪಾಳೆ ತಟ್ಟುವುದರಲ್ಲಿದ್ದೆ.

"ಸೂಜಿ ತಪ್ಪು" ಎಂದ ಅಣ್ಣ.

ಸೂಜಿ ಎಂದರೆ, ಗೋಣಿಚೀಲ ಹೊಲಿಯುವ ಬಾಗಿದ ಸೂಜಿಯನ್ನು ಇಕ್ಕಳದ ತುದಿಗೆ ಕಚ್ಚಿಸಿ ಅವರು ನನಗೆ ಕೊಡುತ್ತಿದ್ದರು. ಆಪರೇಷನ್ನಿನಲ್ಲೂ ಸೂಜಿ ಹಾಗೇ ಬಾಗಿರುತ್ತದೆ, ಹಾಗೇ ಕಚ್ಚಿಸಿ ಕೊಡುತ್ತಾರಂತೆ. ಎಲ್ಲವೂ ತಿರುಗಿದೆ ಎಂದು ಅವರು ಅದರ ಮೊನೆಯನ್ನೂ ಈ ಕಡೆಯಿಂದ ಆ ಕಡೆಗೆ ತಿರುಗಿಸಿಯೇ ಕೊಡುತ್ತಿದ್ದರು. ಅದು ಕೈತಪ್ಪಲ್ಲ, ಯೋಚಿಸಿ ಮಾಡಿದ್ದು. ಆದ್ದರಿಂದ ಎಣಿಕೆಗೂ ಸಿಕ್ಕಿರಲಿಲ್ಲ.

ಅಣ್ಣ ನನಗೆ ಗೋಡೆಯ ಮೇಲಿನ ಸೌಟೊಂದನ್ನು ಇಳಿಸಲು ಹೇಳಿದ. ಒಂದೇ ಪಕ್ಕಕ್ಕೆ ಮೂತಿ ಇರುವ, ಬಗ್ಗಿಸಿ ಸುರಿಯುವ ಸೌಟು. ಬಲಗೈಯವರಿಗೆ ಮೂತಿ ಎಡಕ್ಕಿರಬೇಕು. ಎಡಗೈಯವರು ಗೊತ್ತಿಲ್ಲದೆ ಕೊಂಡುಹೋದರೆ ಎರಡನೇ ದಿನ ವಾಪಸು ತರುತ್ತಾರೆ, ಅಂಗಿಯ ಮೇಲೆ ಕಲೆಯ ಸಮೇತ. ಅದಕ್ಕೇ ಸೌಟು ಕೊಡುವ ಮುಂಚೆ ಗಿರಾಕಿಯ ಕೈ ಯಾವುದು ಎಂದು ಕೇಳುವುದು ನಮ್ಮ ಅಂಗಡಿಯ ಪದ್ಧತಿ.

"ಪಾತ್ರೆ ಎಲ್ಲಿದೆ ಅಂತ ನೋಡಿ ಸೌಟು ಕೊಡಲ್ಲ ನಾವು, ಹಿಡಿಯೋ ಕೈ ನೋಡಿ ಕೊಡ್ತೀವಿ. ಮೂರು ದಿನದಿಂದ ನೋಡ್ತಿದೀನಿ, ಸೂಜಿ ಬಂದಾಗಲೆಲ್ಲ ನಮ್ಮ ತಮ್ಮ ಮಣಿಕಟ್ಟು ತಿರುಚಿ ತಿರುಚಿ ಹಿಡೀತಾನೆ" ಎಂದ ಅಣ್ಣ. "ತಿರುಗಿರೋದು ನನ್ನ ಹೃದಯ. ಡಾಕ್ಟ್ರ ಕೈಯೂ ತಿರುಗಿದೆಯಾ?"

ಸಿಸ್ಟರ್ ಇಕ್ಕಳ ಎತ್ತಿಕೊಂಡು ನೋಡಿದರು. ತಮ್ಮ ಬಲಗೈಯಲ್ಲಿ ಹಿಡಿದು ಹಂಡೆಯ ಮೇಲೆ ಗಾಳಿಯಲ್ಲೇ ಹೊಲಿದರು. ಮೊನೆ ತಿರುಗಿಸಿ ಮತ್ತೆ ಹೊಲಿದರು. ಸಮರ್ಥನೆ ಮಾಡಿಕೊಳ್ಳುತ್ತಾರೆ ಎಂದು ಕಾದೆ. ಅವರು ತುಟಿಯಲ್ಲೇ ಏನೋ ಲೆಕ್ಕ ಹಾಕುತ್ತಿದ್ದರು.

"ಮೂರು ದಿನಕ್ಕೆ ನಲವತ್ತೆರಡು ಸೂಜಿ. ನಲವತ್ತೆರಡೂ ತಪ್ಪು" ಎಂದರು. "ನಾಳೆ ಬೆಳಗ್ಗೆ ಮೊದಲು ಡಾಕ್ಟ್ರನ್ನ ಕೇಳ್ತೀನಿ."

"ಕೇಳಿ. ಹಾಗೇ ನಾನು ಬರ್ತೀನಿ ಅಂತಾನೂ ಹೇಳಿ."

ನಾನು ಹಂಡೆ ಹಿಡಿದುಕೊಂಡು ನಿಂತುಬಿಟ್ಟೆ. ತಪ್ಪು ಸಿಕ್ಕ ಮೇಲೆ ಧೈರ್ಯ ಬರುವುದು ಯಾವ ಸೀಮೆಯ ಲೆಕ್ಕ ಎಂದು ಕೇಳಿದೆ. ಅಣ್ಣ ಗೋಡೆಯ ಕಡೆ ನೋಡಿಕೊಂಡು ಹೇಳಿದ: "ಗೊತ್ತು ಗೊತ್ತು ಅನ್ನೋರ ಕೈಗೆ ಎದೆ ಕೊಡೋಕೆ ಭಯ ಆಗಿತ್ತು ಕಣೋ. ತಪ್ಪಾಯ್ತು ಅಂತ ತಾನೇ ಬಾಯಿ ಬಿಡೋರು ಒಬ್ಬರು ಒಳಗೆ ಇರ್ತಾರೆ ಅಂದ್ರೆ ಪರವಾಗಿಲ್ಲ."

ಮಾರನೆಯ ದಿನ ಡಾಕ್ಟರು, ಸೂಜಿ ಯಾವಾಗಿನ ಹಾಗೇ ಇರಲಿ, ಕೆಲವು ಹೊಲಿಗೆಗೆ ತಿರುಗಿಸಿ ಕೊಡಬೇಕಾಗುತ್ತದೆ, ಅದನ್ನು ನಾನೇ ಬಾಯಿಬಿಟ್ಟು ಕೇಳುತ್ತೇನೆ ಎಂದರಂತೆ. ಅವತ್ತು ಮಧ್ಯಾಹ್ನವೂ ಸಿಸ್ಟರ್ ಬಂದರು. ಸೂಜಿ ನಲವತ್ತೆರಡು ಸಲ ಸರಿಯಾಗಿ ಕೊಟ್ಟರು. ನನ್ನ ಭುಜ ಬಿದ್ದುಹೋಯಿತು. ಆ ನಾಲ್ಕು ದಿನ ನಮ್ಮ ಅಂಗಡಿಯಲ್ಲಿ ನಡೆದ ವ್ಯಾಪಾರ ಹೇಳಿಕೊಳ್ಳುವಂತಿಲ್ಲ. ಹಿಂದಿನ ಕೋಣೆಯಲ್ಲಿ ಮಾಲೀಕ ಹಂಡೆಗೆ ಹೊಲಿಗೆ ಹಾಕುತ್ತಿದ್ದರೆ ಗಿರಾಕಿ ಎಲ್ಲಿ ನಿಲ್ಲುತ್ತಾನೆ?

ಆಪರೇಷನ್ ಬೆಳಗ್ಗೆ ಎಂಟಕ್ಕೆ ಶುರುವಾಗಿ ಮಧ್ಯಾಹ್ನ ಎರಡೂವರೆಗೆ ಮುಗಿಯಿತು. ಅತ್ತಿಗೆಯೂ ನಾನೂ ಉದ್ದ ಬೆಂಚಿನ ಮೇಲೆ ಕೂತಿದ್ದೆವು. ಗೋಡೆಯಲ್ಲಿ ಎಷ್ಟು ಟೈಲ್ಸ್ ಇವೆ ಎಂದು ನಾನು ಎಣಿಸಿದೆ, ಮೂರು ಸಲ ಎಣಿಸಿದೆ, ಮೂರು ಸಲವೂ ಬೇರೆ ಬೇರೆ ಬಂತು. ಡಾಕ್ಟರು ಬಂದು ಮೂರು ನಾಳಕ್ಕೂ ಹೊಸ ದಾರಿ ಮಾಡಿದ್ದೇವೆ, ಸಾಮಾನ್ಯವಾಗಿ ಎದೆಯ ಎಡಗಡೆಯಿಂದ ತೆಗೆಯುವ ರಕ್ತನಾಳವನ್ನು ಬಲಗಡೆಯಿಂದ ತೆಗೆದು ಮುಖ್ಯ ನಾಳಕ್ಕೆ ಸೇರಿಸಿದೆವು, ಉಳಿದೆರಡಕ್ಕೆ ಕಾಲಿನ ನಾಳ ಹಾಕಿದೆವು, ಹೃದಯ ತಾನಾಗಿ ಬಡಿಯುತ್ತಿದೆ ಎಂದರು. ಅತ್ತಿಗೆ ಕೈ ಮುಗಿದರು. ನಾನೂ ಮುಗಿದೆ.

ಸಿಸ್ಟರ್ ಹೊರಗೆ ಬಂದದ್ದು ಅರ್ಧ ಗಂಟೆ ತಡವಾಗಿ. ಎಲ್ಲ ಎಣಿಸಿ ಮುಗಿಸಬೇಕಲ್ಲ. ಮೂಗಿನ ಮೇಲೆ ಮಾಸ್ಕಿನ ಗುರುತು ಹಾಗೇ ಇತ್ತು. ನನ್ನನ್ನು ಪಕ್ಕಕ್ಕೆ ಕರೆದರು.

"ಒಂದು ತಪ್ಪು ಆಯ್ತು" ಎಂದರು. "ಸೂಜಿ ಅಲ್ಲ, ಕತ್ತರಿ. ಕೈ ಹಳೇ ಜಾಗಕ್ಕೆ ಹೋಯ್ತು. ಡಾಕ್ಟ್ರು ಕೈ ಚಾಚೋದ್ರೊಳಗೆ ಸರಿಮಾಡ್ಕೊಂಡೆ, ಅವರಿಗೆ ಗೊತ್ತಾಗಿಲ್ಲ. ಯಜಮಾನ್ರಿಗೆ ಎಚ್ಚರ ಆದ್ಮೇಲೆ ಹೇಳಿಬಿಡಿ."

ಹೇಳಿದೆ. ಅಣ್ಣ ನಾಲ್ಕನೇ ದಿನ ಮಾತಾಡುವಷ್ಟು ಚೇತರಿಸಿಕೊಂಡಿದ್ದ. "ಒಂದೇನಾ?" ಎಂದು ಕೇಳಿ ಮತ್ತೆ ಮಲಗಿದ.

ಅವನು ಅಂಗಡಿಗೆ ಬಂದು ಕೂರುವ ಹೊತ್ತಿಗೆ ಮೂರು ತಿಂಗಳಾಯಿತು. ನಮ್ಮ ಹತ್ತಿರವಿದ್ದ ಅತ್ಯುತ್ತಮ ಪಾತ್ರೆಗಳ ಒಂದು ಸೆಟ್ಟನ್ನು ನಾನೇ ಹೊತ್ತು ಅವರ ಮನೆಗೆ ಕೊಟ್ಟುಬಂದೆ. ಬೇಡವೇ ಬೇಡ ಎಂದರು, ಕಂಡಕ್ಟರು ಒಳಗಿಟ್ಟುಕೊಂಡರು. ಎರಡನೇ ದಿನ ಸಿಸ್ಟರ್ ಅಂಗಡಿಗೆ ಬಂದು ಮೂರನೇ ಪಾತ್ರೆಯ ಮುಚ್ಚಳ ಅಲುಗಾಡುತ್ತದೆ ಎಂದು ಬದಲಿಸಿಕೊಂಡು ಹೋದರು. ನಿಜವಾಗಿ ಅಲುಗಾಡುತ್ತಿತ್ತು.

ಆ ನಾಲ್ಕು ಮಧ್ಯಾಹ್ನದ ಬಗ್ಗೆ ನನಗೊಂದು ಅನುಮಾನ ಬಹಳ ದಿನ ಇತ್ತು. ಅಣ್ಣ ನೋಡಲಿ ಎಂದೇ ಅವನ ಕಣ್ಣೆದುರಿಗೆ ಮೇಜು ಹಾಕಿಸಿದರಾ ಎಂದು ಒಮ್ಮೆ ಕೇಳಿಯೇಬಿಟ್ಟೆ. "ನಿಮ್ಮಲ್ಲಿ ಜಾಗ ಇತ್ತು" ಎಂದರು, ಮುಚ್ಚಳ ತಿರುಗಿಸುತ್ತಾ. ಮೂವತ್ತು ವರ್ಷ ಮುಖ ಓದಿ ವ್ಯಾಪಾರ ಮಾಡಿದವನಿಗೆ ಆ ಮುಖದಲ್ಲಿ ಒಂದಕ್ಷರವೂ ಸಿಗಲಿಲ್ಲ.

ಇದಾಗಿ ಏಳು ವರ್ಷವಾಯಿತು. ಸಿಸ್ಟರ್ ಹೋದ ತಿಂಗಳು ನಿವೃತ್ತರಾದರು. ಈಗ ಅವರು ಅಂಗಡಿಗೆ ಬಂದರೆ ನಾನು ಒಳಗೆ ಹೋಗುವುದಿಲ್ಲ. ಅಣ್ಣ ಪಕ್ಕದ ಕುರ್ಚಿಯಲ್ಲಿ ಕೂತು, ಸೌಟು ತಪ್ಪು ಕೊಟ್ಟೆ, ಕಟ್ಟು ಸಡಿಲ ಕಟ್ಟಿದೆ ಎಂದು ಬೆಳಗಿನಿಂದ ಸಂಜೆಯವರೆಗೆ ನನ್ನನ್ನು ಬೈಯುತ್ತಿರುತ್ತಾನೆ. ನಾನು ಹನ್ನೊಂದು ದಿನ ಗ್ಯಾಸು ಎಂದು ಸೋಡಾ ಕುಡಿಸಿದ ಅಣ್ಣ ಇವನು. ಇವನು ಇಲ್ಲಿ ಕೂತು ಬೈಯುತ್ತಿರುವುದಕ್ಕೆ ನಾನು ಸಿಸ್ಟರಿಗೆ ಋಣಿ.